ಸುರುಳಿಯ ಬಿಸಿ, ಬ್ಯಾಟರಿಯ ಬೆಂಕಿ

ಮಗನ ಬ್ಯಾಗಿನಲ್ಲಿ ಪೆನ್ನಿನಂತಹ ವಸ್ತುವೊಂದು ಸಿಕ್ಕಿ, ಮುಟ್ಟಿದರೆ ಬೆಚ್ಚಗಿದ್ದರೆ ಆಟಿಕೆಯೆಂದು ಸುಮ್ಮನಾಗಬೇಡಿ. ಅದು ಇ-ಸಿಗರೇಟ್ ಆಗಿರಬಹುದು.

ಇಸ್ತ್ರಿಪೆಟ್ಟಿಗೆ ಕಾಯುವ ರೀತಿಯೇ ಇದರದ್ದು. ಲಿಥಿಯಂ ಬ್ಯಾಟರಿಯ ವಿದ್ಯುತ್ ಸಣ್ಣ ತಂತಿಯ ಸುರುಳಿಯಲ್ಲಿ ಹರಿದಾಗ ಅದು ಕಾದು, ನಿಕೋಟಿನ್ ಬೆರೆತ ದ್ರವವನ್ನು ಆವಿ ಮಾಡುತ್ತದೆ. ಸ್ವಲ್ಪ ಬೆಚ್ಚಗಾಗುವುದು ಸಹಜ. ಅಪಾಯವಿರುವುದು ಸುರುಳಿಯ ರೋಧ ಕಡಿಮೆಯಾದಾಗ. ಪೂರ್ತಿ ಚಾರ್ಜ್ ಆದ ಬ್ಯಾಟರಿ 4.2 ವೋಲ್ಟ್. ನೇರವಾಗಿ ಜೋಡಿಸಿದರೆ 1 ಓಮ್ ಸುರುಳಿ 4.2 ಆಂಪಿಯರ್ ಎಳೆಯುತ್ತದೆ; 0.2 ಓಮ್ ಸುರುಳಿ ಎಳೆಯುವುದು 21 ಆಂಪಿಯರ್! ದಟ್ಟ ಹೊಗೆಯ ಆಸೆಗೆ ಕೆಲವು ಯುವಕರು ಇಂತಹದನ್ನೇ ಹಾಕಿಕೊಳ್ಳುತ್ತಾರೆ. ಪ್ರವಾಹ ಎರಡು ಪಟ್ಟಾದರೆ ಬ್ಯಾಟರಿಯೊಳಗಿನ ಬಿಸಿ ನಾಲ್ಕು ಪಟ್ಟಾಗುತ್ತದೆ. ಮಿತಿ ಮೀರಿದರೆ ಅದು ಸಿಡಿದು ಬೆಂಕಿ ಹತ್ತಬಹುದು. ಜೇಬಿನಲ್ಲಿರುವ ಬಿಡಿ ಬ್ಯಾಟರಿಗೆ ಕೀಲಿಕೈ, ನಾಣ್ಯ ತಗುಲಿದರೂ ಇದೇ ಗತಿ.

ನಮ್ಮ ದೇಶದಲ್ಲಿ 2019ರಿಂದ ಇದರ ತಯಾರಿ, ಆಮದು, ಮಾರಾಟ, ಜಾಹೀರಾತು ಎಲ್ಲವೂ ನಿಷಿದ್ಧ. ಗಲ್ಫ್‌ನಿಂದ ಬರುವವರೂ ಉಡುಗೊರೆಯೆಂದು ತರದಿರಲಿ.

ಬಿಸಿಯಾದದ್ದು ಕೈಗೆ ಸಿಕ್ಕರೆ ಚಾರ್ಜಿಗೆ ಹಾಕಬೇಡಿ. ಹಾಸಿಗೆ, ಬಟ್ಟೆಗಳಿಂದ ದೂರವಿಡಿ. ಮಗನನ್ನು ಗದರಿಸುವ ಮೊದಲು ಪಕ್ಕದಲ್ಲಿ ಕೂರಿಸಿಕೊಂಡು ಈ ಲೆಕ್ಕ ತಿಳಿಸಿ. ಬೈಗುಳಕ್ಕೆ ಬಗ್ಗದವನು ಲೆಕ್ಕಕ್ಕೆ ಬಗ್ಗಿಯಾನು.