‘ತಾತ್ಕಾಲಿಕ ಶೆಡ್’ ಎಂಬ ಕಳ್ಳದಾರಿ: ರಾಜಕೋಟ್ ದುರಂತದಿಂದ ಬೆಂಗಳೂರು ಕಲಿತಿದ್ದೇನು?

2024ರ ಮೇ 25, ಶನಿವಾರ. ಬೇಸಿಗೆ ರಜೆ. ಗುಜರಾತಿನ ರಾಜಕೋಟ್‌ನಲ್ಲಿದ್ದ ಟಿಆರ್‌ಪಿ ಗೇಮ್ ಝೋನ್‌ನಲ್ಲಿ 99 ರೂಪಾಯಿಯ ಟಿಕೆಟ್ ಆಫರ್ ಇತ್ತು. ಒಳಗೇ ವೆಲ್ಡಿಂಗ್ ಕೆಲಸ ನಡೆಯುತ್ತಿತ್ತು. ಅದರ ಕಿಡಿಯಿಂದ ಹತ್ತಿಕೊಂಡ ಬೆಂಕಿ ನೋಡನೋಡುತ್ತಲೇ ಇಡೀ ಜಾಗವನ್ನು ನುಂಗಿತು. ಮಕ್ಕಳೂ ಸೇರಿ 27 ಜನ ಸತ್ತರು. ಗುರುತು ಹಿಡಿಯಲು ಡಿಎನ್‌ಎ ಪರೀಕ್ಷೆ ಮಾಡಬೇಕಾಯಿತು.

ಅವತ್ತು ಎಲ್ಲರೂ ಕೇಳಿದ್ದು ಫೈರ್ ಎನ್‌ಒಸಿ ಇತ್ತಾ ಅಂತ. ಇರಲಿಲ್ಲ. ಆದರೆ ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ: ಸರ್ಕಾರದ ಲೆಕ್ಕದಲ್ಲಿ ಅದು ‘ಕಟ್ಟಡ’ವೇ ಆಗಿತ್ತಾ?

ಕಬ್ಬಿಣದ ಚೌಕಟ್ಟು ನಿಲ್ಲಿಸಿ, ತಗಡಿನ ಶೀಟು ಹೊದಿಸಿ ಎಬ್ಬಿಸಿದ್ದ ಜಾಗವದು. ಮರುದಿನವೇ ಸ್ವಯಂಪ್ರೇರಿತವಾಗಿ ಪ್ರಕರಣ ಕೈಗೆತ್ತಿಕೊಂಡ ಗುಜರಾತ್ ಹೈಕೋರ್ಟ್, ಇದು ಮೇಲ್ನೋಟಕ್ಕೆ ಮಾನವ ನಿರ್ಮಿತ ದುರಂತ ಎಂದಿತು. ‘ತಾತ್ಕಾಲಿಕ ರಚನೆ’ ಎಂದು ತೋರಿಸಿ, ನಿಯಮದ ಸಂದಿಯಲ್ಲಿ ನುಸುಳಿ ಅನುಮತಿ ತಪ್ಪಿಸಿಕೊಳ್ಳುವ ದಾರಿಯ ಕಡೆಗೂ ಬೊಟ್ಟು ಮಾಡಿತು. ‘ತಾತ್ಕಾಲಿಕ’ವಾದ ಈ ಗೇಮ್ ಝೋನ್ ನಡೆಯುತ್ತಿದ್ದಿದ್ದು 2021ರಿಂದ. ಪಾಲಿಕೆ ಅದಕ್ಕೆ 2023ರಲ್ಲೇ ನೋಟಿಸ್ ಕೊಟ್ಟಿತ್ತು. ಅತ್ತ ಪೊಲೀಸರು ಟಿಕೆಟ್ ಮಾರಾಟಕ್ಕೆ ಲೈಸೆನ್ಸ್ ಕೊಟ್ಟಿದ್ದರು. ಒಂದು ಇಲಾಖೆ ಅಕ್ರಮ ಅನ್ನುತ್ತೆ, ಇನ್ನೊಂದು ವ್ಯಾಪಾರ ಮಾಡು ಅನ್ನುತ್ತೆ. ಎರಡೂ ಒಂದೇ ಸರ್ಕಾರದ ಕೈಗಳು.

ಬೋಲ್ಟ್ ಬಿಚ್ಚಬಹುದು, ಹಾಗಾಗಿ ಕಟ್ಟಡವಲ್ಲ?

ಸ್ಟೀಲ್ ಕಟ್ಟಡಕ್ಕೆ ನಿಯಮ ಇಲ್ಲ ಅಂತಲ್ಲ. ಉಕ್ಕಿನ ವಿನ್ಯಾಸಕ್ಕೆ ಐಎಸ್ 800 ಇದೆ, ಗಾಳಿಯ ಒತ್ತಡಕ್ಕೆ ಐಎಸ್ 875ರ ಮೂರನೇ ಭಾಗ ಇದೆ, ಎಲ್ಲಕ್ಕೂ ಸೇರಿ 2016ರ ರಾಷ್ಟ್ರೀಯ ಕಟ್ಟಡ ಸಂಹಿತೆ ಇದೆ. ತೊಂದರೆ ಏನಂದರೆ, ಈ ಸಂಹಿತೆ ತಾನಾಗಿಯೇ ಕಾನೂನಲ್ಲ. ರಾಜ್ಯ ಮತ್ತು ಪಾಲಿಕೆಗಳು ತಮ್ಮ ಬೈಲಾಗಳಿಗೆ ಸೇರಿಸಿಕೊಂಡಷ್ಟೇ ಅದಕ್ಕೆ ಬಲ. ಸೇರಿಸಿಕೊಂಡರೂ, ಮಾಲೀಕ ‘ಇದು ಬರೀ ಶೆಡ್ಡು ಸಾರ್’ ಅಂದಾಗ ಇಂಜಿನಿಯರ್ ತಲೆಯಾಡಿಸಿ ಹೊರಟರೆ ಎಲ್ಲ ಸಂಹಿತೆಯೂ ಕಾಗದ.

ಆದರೆ ಗಾಳಿ, ಬೆಂಕಿಗೆ ಶೆಡ್ಡು, ಕಟ್ಟಡ ಎಂಬ ಭೇದ ಗೊತ್ತಿಲ್ಲ. ಉಕ್ಕು ಉರಿಯೋದಿಲ್ಲ, ನಿಜ. ಆದರೆ ಸುಮಾರು 550ರಿಂದ 600 ಡಿಗ್ರಿ ಸೆಲ್ಸಿಯಸ್ ಬಿಸಿಗೆ ಅದರ ಬಲ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತೆ. ಬೆಂಕಿನಿರೋಧಕ ಲೇಪನ ಇಲ್ಲದ ತೆಳ್ಳನೆ ಕಂಬ ದೊಡ್ಡ ಬೆಂಕಿಯಲ್ಲಿ ನಿಮಿಷಗಳಲ್ಲೇ ಬಾಗಬಹುದು. ಗಾಳಿಯ ಲೆಕ್ಕವೂ ಹಾಗೆಯೇ. ಬೆಂಗಳೂರಿನಲ್ಲಿ ಸೆಕೆಂಡಿಗೆ 33 ಮೀಟರ್, ಮಂಗಳೂರಿನಲ್ಲಿ 39 ಮೀಟರ್ ಮೂಲ ಗಾಳಿವೇಗ ಹಿಡಿಯಬೇಕು ಎನ್ನುತ್ತೆ ಸಂಹಿತೆ. ವ್ಯತ್ಯಾಸ ಚಿಕ್ಕದು ಅನ್ನಿಸುತ್ತೆ. ಆದರೆ ಒತ್ತಡ ಏರುವುದು ವೇಗದ ವರ್ಗಕ್ಕೆ ತಕ್ಕಂತೆ, ಅಂದರೆ ಮಂಗಳೂರಿನ ಶೆಡ್ಡು ಸುಮಾರು ಶೇ 40ರಷ್ಟು ಹೆಚ್ಚು ಒತ್ತಡ ತಡೆಯಬೇಕು. ಈ ಲೆಕ್ಕ ಮಾಡಬೇಕಾದವರು ಸ್ಟ್ರಕ್ಚರಲ್ ಇಂಜಿನಿಯರ್. ನಮ್ಮಲ್ಲಿ ಬಹಳಷ್ಟು ಕಡೆ ಅದನ್ನು ಕಣ್ಣಳತೆಯಲ್ಲಿ ಮುಗಿಸೋದು ವೆಲ್ಡಿಂಗ್ ಅಂಗಡಿಯವರು.

ನಮ್ಮೂರ ಟೆರೇಸ್‌ಗಳು

ಬೆಂಗಳೂರಲ್ಲಿ ತಲೆ ಎತ್ತಿ ನೋಡಿ. ಮಂಜೂರಾದ ನಕ್ಷೆಯಲ್ಲಿ ಇಲ್ಲದ ಕೊನೆಯ ಮಹಡಿ ಎಷ್ಟೋ ಕಡೆ ಕಬ್ಬಿಣ ಮತ್ತು ಶೀಟಿನದ್ದೇ: ಪಿಜಿ ಊಟದ ಹಾಲ್, ಜಿಮ್, ಪಬ್. 2023ರ ಅಕ್ಟೋಬರ್‌ನಲ್ಲಿ ಕೋರಮಂಗಲದ ರೂಫ್‌ಟಾಪ್ ಕೆಫೆಗೆ ಬೆಂಕಿ ಬಿದ್ದಾಗ ಒಬ್ಬರು ಜೀವ ಉಳಿಸಿಕೊಳ್ಳಲು ಮೇಲಿಂದ ಜಿಗಿದ ವಿಡಿಯೋ ಎಲ್ಲರ ಫೋನಲ್ಲೂ ಓಡಾಡಿತು. ತಪಾಸಣೆ ನಡೆಯಿತು, ಕೆಲವಕ್ಕೆ ಬೀಗ ಬಿತ್ತು. ಆಮೇಲೆ ಸುದ್ದಿಯೇ ತಣ್ಣಗಾಯಿತು.

ಹಾಗಂತ ಬಡವರ ತಗಡಿನ ಮನೆ ಮೇಲೆ ಜೆಸಿಬಿ ಹತ್ತಿಸಲು ಇದು ನೆಪವಾಗಬಾರದು. ತಲೆ ಮೇಲೆ ಸೂರಿಗಾಗಿ ಶೀಟು ಹೊದಿಸಿದವರೂ, ನೂರಾರು ಜನರಿಂದ ದುಡ್ಡು ತಗೊಂಡು ಅವರನ್ನು ಶೀಟಿನ ಕೆಳಗೆ ಕೂರಿಸುವವರೂ ಒಂದೇ ಅಲ್ಲ. ಮೊದಲನೆಯವರಿಗೆ ಬೇಕಿರೋದು ಮನೆ, ಎರಡನೆಯವರಿಗೆ ಕಡಿವಾಣ.

ಕಡಿವಾಣಕ್ಕೆ ಹೊಸ ಕಾನೂನನ್ನೇ ಕಾಯಬೇಕಿಲ್ಲ. ಅನಧಿಕೃತ ಕಟ್ಟಡದಲ್ಲಿ ಯಾವ ವ್ಯಾಪಾರಕ್ಕೂ ಲೈಸೆನ್ಸ್ ಕೊಡಬಾರದು, ಒಸಿ ಇಲ್ಲದೆ ವಿದ್ಯುತ್, ನೀರಿನ ಸಂಪರ್ಕ ಕೊಡಬಾರದು ಎಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್ 17ರಂದೇ ಹೇಳಿದೆ. ಕರ್ನಾಟಕದಲ್ಲಿ ಈ ತೀರ್ಪಿನ ಚರ್ಚೆ ಹೆಚ್ಚಾಗಿ ನಡೆದದ್ದು ಕರೆಂಟ್ ಕನೆಕ್ಷನ್ ಸುತ್ತಲೇ. ಲೈಸೆನ್ಸ್ ಮಾತು ಅಷ್ಟಾಗಿ ಕೇಳಿಬರಲಿಲ್ಲ.

ಪಾಲಿಕೆಗಳು ಮಾಡಬೇಕಾದ್ದು ಇಷ್ಟು. ಕಟ್ಟಡ ಯಾವುದು ಎಂದು ಅದರ ಸಾಮಗ್ರಿ ನೋಡಿ ತೀರ್ಮಾನಿಸುವುದನ್ನು ಬಿಟ್ಟು, ಒಳಗೆ ಎಷ್ಟು ಜನ ಸೇರುತ್ತಾರೆ ಎಂದು ನೋಡಿ ತೀರ್ಮಾನಿಸಬೇಕು. ‘ತಾತ್ಕಾಲಿಕ’ ಎಂದರೆ ತೆಗೆಯುವ ದಿನಾಂಕವನ್ನು ಅನುಮತಿ ಪತ್ರದಲ್ಲೇ ಬರೆಯಬೇಕು. ಸ್ಟ್ರಕ್ಚರಲ್ ಇಂಜಿನಿಯರ್ ಸಹಿ, ಎರಡನೇ ದಾರಿ ಮತ್ತು ಫೈರ್ ಎನ್‌ಒಸಿ ಇಲ್ಲದಿದ್ದರೆ ಟ್ರೇಡ್ ಲೈಸೆನ್ಸ್ ಕೊಡಬಾರದು.

ನಿಮ್ಮ ವಾರ್ಡ್ ಕಚೇರಿಗೆ ಒಂದು ಆರ್‌ಟಿಐ ಹಾಕಿ ನೋಡಿ: ನಮ್ಮ ವಾರ್ಡಿನಲ್ಲಿ ‘ತಾತ್ಕಾಲಿಕ’ ಎಂದು ಅನುಮತಿ ಪಡೆದ ಶೆಡ್‌ಗಳೆಷ್ಟು, ಅವುಗಳಲ್ಲಿ ಅವಧಿ ಮುಗಿದವು ಎಷ್ಟು? ಉತ್ತರ ಬಂದರೆ ಪ್ರಕಟಿಸಿ. ಬರದಿದ್ದರೆ, ಬರಲಿಲ್ಲ ಅನ್ನೋದನ್ನೂ ಪ್ರಕಟಿಸಿ.