ನೆಲಗಡಲೆಯ ಕಾಂಡಕೊಳೆ: ಮದ್ದಿಗಿಂತ ಮೊದಲು ಗೂಟ

ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆ ಭತ್ತದ ಕೊಯ್ಲಿನ ನಂತರ ಮರಳುಮಿಶ್ರಿತ ಗದ್ದೆಗಳಿಗೆ ನೆಲಗಡಲೆ ಹಾಕುವ ರೈತ ಬಾಂಧವರು, ಗಿಡ ಒಣಗಿದ ಮೇಲೆ ಮದ್ದು ಕೇಳುವುದುಂಟು. ಒಣಗಿದ ಗಿಡವನ್ನು ಬದುಕಿಸುವ ಮದ್ದಿಲ್ಲ. ಕಾಂಡಕೊಳೆ ರೋಗದ ಮಟ್ಟಿಗೆ ಅಂಗಡಿಯ ಡಬ್ಬಿಗಿಂತ ನಾಲ್ಕು ಗೂಟ ಮತ್ತು ಒಂದು ನೋಟುಬುಕ್ಕು ಹೆಚ್ಚು ಉಪಯುಕ್ತವೆಂಬುದು ನನ್ನ ಅಭಿಪ್ರಾಯ.

ಈ ರೋಗಕ್ಕೆ ಕಾರಣ ಸ್ಕ್ಲೀರೋಷಿಯಂ ಎಂಬ ಮಣ್ಣಿನ ಶಿಲೀಂಧ್ರ. ಹೂ ಬಿಟ್ಟಂದಿನಿಂದ ವಾರಕ್ಕೊಮ್ಮೆ ಗದ್ದೆ ಸುತ್ತಿರಿ. ಒಂದು ಕವಲು ಬಾಡಿ ಹಳದಿಯಾದದ್ದು ಕಂಡರೆ ಬಗ್ಗಿ ಬುಡ ನೋಡಿರಿ. ಮಣ್ಣಿನ ಮಟ್ಟದಲ್ಲಿ ಬಿಳಿ ನೂಲಿನಂಥ ಬೂಷ್ಟು, ಅದರಲ್ಲಿ ಸಾಸಿವೆ ಕಾಳಿನಂಥ ಗುಂಡುಗಳು ಇದ್ದರೆ ಸಂಶಯ ಬೇಡ. (ಎಳೆ ಸಸಿಯ ಬುಡದಲ್ಲಿ ಮಸಿಯಂಥ ಕಪ್ಪು ಪುಡಿ ಇದ್ದರೆ ಅದು ಕತ್ತುಕೊಳೆ, ಬೇರೆ ರೋಗ.) ಈ ಗುಂಡುಗಳು ಮಣ್ಣಿನಲ್ಲಿ ಕೆಲವು ವರ್ಷ ಜೀವ ಹಿಡಿದಿರುತ್ತವೆ. ಆದ್ದರಿಂದ ರೋಗ ಬಂದ ಜಾಗದಲ್ಲೇ ಅದು ಮರಳಿ ಬರುವ ಸಂಭವ ಹೆಚ್ಚು. ಗಿಡವನ್ನು ಬುಡದ ಮಣ್ಣು ಸಮೇತ ಗೋಣಿಗೆ ತುಂಬಿ ಗದ್ದೆಯಿಂದ ಹೊರಗೊಯ್ಯಿರಿ. ಗೊಬ್ಬರದ ಗುಂಡಿಗೆ ಮಾತ್ರ ಹಾಕಬೇಡಿರಿ. ಕಿತ್ತ ಜಾಗದಲ್ಲಿ ಗೂಟ ನೆಟ್ಟು, ತಾರೀಖು ಮತ್ತು ಗಿಡಗಳ ಲೆಕ್ಕ ಬರೆದಿಡಿರಿ. ಬಾಡಿಗೆಯ ಟಿಲ್ಲರ್ ಬಂದರೆ ಆ ಗದ್ದೆಯನ್ನು ಕೊನೆಗೆ ಉಳುಮೆ ಮಾಡಿಸಿ, ಚಕ್ರದ ಮಣ್ಣು ತೊಳೆಸಿ ಕಳಿಸಿರಿ. ನೆರೆಯವರ ಗದ್ದೆಗೂ ಇದರಿಂದ ಉಪಕಾರವೇ.

ಇನ್ನೊಂದು ಮಾತು ಕೆಲವರಿಗೆ ಹಿಡಿಸಲಿಕ್ಕಿಲ್ಲ. ಕೂಲಿ ಖರ್ಚು ಹೆಚ್ಚೆಂದು ಮಳೆಗಾಲದಲ್ಲಿ ಗದ್ದೆಯನ್ನು ಹಡಿಲು ಬಿಟ್ಟು, ಬೇಸಿಗೆಗೆ ನೆಲಗಡಲೆ ಮಾತ್ರ ಬೆಳೆಯುವವರಿದ್ದಾರೆ. ಭತ್ತದಲ್ಲಿ ಲಾಭ ಕಡಿಮೆಯೆಂಬುದು ನಿಜವೇ. ಆದರೆ ವಾರಗಟ್ಟಲೆ ನೀರು ನಿಂತ ಕೆಸರಿನಲ್ಲಿ ಈ ಗುಂಡುಗಳಲ್ಲಿ ಬಹಳಷ್ಟು ಕೊಳೆತು ಸಾಯುತ್ತವೆ, ಭತ್ತಕ್ಕೆ ಈ ರೋಗದ ಕಾಟವೂ ಅಪರೂಪ. ಭತ್ತದ ಲೆಕ್ಕ ಹಾಕುವಾಗ ನೆಲಗಡಲೆಗೆ ಸಿಗುವ ಈ ಪ್ರಯೋಜನವನ್ನೂ ಸೇರಿಸಬೇಕು. ಬೈಲು ಗದ್ದೆಗೆ ಈ ಮಾತು ಚೆನ್ನಾಗಿ ಹೊಂದುತ್ತದೆ. ನೀರು ನಿಲ್ಲದ ಬೆಟ್ಟು ಗದ್ದೆಗೆ ಅಷ್ಟಾಗಿ ಹೊಂದದು. ಅಲ್ಲಿ ಆಳವಾಗಿ ಉತ್ತು ಮೇಲ್ಮಣ್ಣನ್ನು ಅಡಿಗೆ ಹಾಕುವುದು, ಕೊಳೆಯದ ತರಗೆಲೆಯನ್ನು ಗಿಡದ ಬುಡದಲ್ಲಿ ಬಿಡದಿರುವುದು ಲೇಸು.

ಬಿತ್ತನೆಗೆ ಮುಂಚೆ ಕಿಲೋ ಬೀಜಕ್ಕೆ 4 ಗ್ರಾಂ ಟ್ರೈಕೋಡರ್ಮಾ ಲೇಪಿಸಿರಿ. ಗೂಟ ನೆಟ್ಟ ಜಾಗಗಳಿಗೆ ಅದನ್ನೇ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರದಲ್ಲಿ ಬೆರೆಸಿ ಕೊಡಿರಿ. ಇದು ಜೀವಂತ ಶಿಲೀಂಧ್ರ. ರಾಸಾಯನಿಕ ಶಿಲೀಂಧ್ರನಾಶಕದ ಜೊತೆ ಬೆರೆಸಬಾರದು. ರೋಗ ಯಾವುದೆಂಬ ಅನುಮಾನವಿದ್ದರೆ ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರಕ್ಕೆ ಗಿಡವನ್ನು ಒಣಗಿಸಿ ಒಯ್ಯಬೇಡಿರಿ, ಬುಡದ ಮಣ್ಣಿನೊಂದಿಗೆ ಹಸಿಯಾಗಿಯೇ ಒಯ್ಯಿರಿ.