ಕರುಣೆಯೋ, ಹಕ್ಕೋ?

ಅಂಗವಿಕಲ ಮಗುವನ್ನು ಕಂಡು ಮರುಗದ ಮನೆಯಿಲ್ಲ. ಆದರೆ ಅದೇ ಮಗುವು ತಮ್ಮ ಮಕ್ಕಳ ಪಕ್ಕದಲ್ಲಿ ಕುಳಿತು ಓದಲೆಂದು ಬಯಸುವ ಮನೆಗಳು ಎಷ್ಟು? “ಇಂಥವರಿಗೆ ಬೇರೆ ಶಾಲೆಗಳುಂಟಲ್ಲವೆ? ಅಲ್ಲಿಯೇ ಅವರಿಗೆ ಕ್ಷೇಮ” ಎಂದು ವಿದ್ಯಾವಂತರೇ ನುಡಿಯುವರು. ಈ ಮಾತು ಕರುಣೆಯ ವೇಷವನ್ನು ತೊಟ್ಟ ಬಹಿಷ್ಕಾರವೆಂಬುದಕ್ಕೆ ಅಮೆರಿಕದ ಜೂಡಿತ್ ಹ್ಯೂಮನ್ ಎಂಬಾಕೆಯ ಜೀವನವೇ ಸಾಕ್ಷಿ.

1947ರಲ್ಲಿ ಜನಿಸಿದ ಈಕೆಗೆ ಒಂದೂವರೆ ವರ್ಷದ ಪ್ರಾಯದಲ್ಲಿ ಪೋಲಿಯೋ ತಗುಲಿ ನಡೆಯುವ ಶಕ್ತಿಯು ಹೋಯಿತು. ನ್ಯೂಯಾರ್ಕಿನ ಬ್ರೂಕ್ಲಿನ್ ಭಾಗದಲ್ಲಿ ತಾಯಿಯು ಮಗಳನ್ನು ನೆರೆಯ ಶಾಲೆಗೆ ಕರೆದೊಯ್ದಳು. ಬೆಂಕಿ ಬಿದ್ದರೆ ಗಾಲಿಕುರ್ಚಿಯಿಂದ ಅಪಾಯವೆಂದು ಹೇಳಿ ಮುಖ್ಯೋಪಾಧ್ಯಾಯರು ಅವರನ್ನು ಹಿಂದಕ್ಕೆ ಕಳುಹಿದರು. ಮುಂದೆ ಕಾಲೇಜು ಮುಗಿಸಿ ಉಪಾಧ್ಯಾಯಿನಿಯಾಗಲು ಹೊರಟಾಗ, ಬರಹದ ಪರೀಕ್ಷೆಯಲ್ಲಿಯೂ ಮಾತಿನ ಪರೀಕ್ಷೆಯಲ್ಲಿಯೂ ತೇರ್ಗಡೆ ಹೊಂದಿದ ಆಕೆಯನ್ನು ವೈದ್ಯಪರೀಕ್ಷೆಯಲ್ಲಿ ತಳ್ಳಿಹಾಕಿದರು. ಕಾರಣವು ಮತ್ತೆ ಆ ಬೆಂಕಿಯೇ! ಬೆಂಕಿಯ ಭಯವು ನಿಜವಾಗಿದ್ದರೆ ತಿದ್ದಬೇಕಾದುದು ಕಟ್ಟಡವನ್ನೋ, ಮನುಷ್ಯರನ್ನೋ? 1970ರಲ್ಲಿ ಆಕೆಯು ನಗರದ ಶಿಕ್ಷಣಮಂಡಲಿಯ ಮೇಲೆ ದಾವೆ ಹೂಡಿದಳು. ಮಂಡಲಿಯು ಮಣಿಯಿತು. ಆ ನಗರದಲ್ಲಿ ಗಾಲಿಕುರ್ಚಿಯಲ್ಲಿ ಕುಳಿತು ಪಾಠ ಹೇಳಿದವರಲ್ಲಿ ಆಕೆಯೇ ಮೊದಲಿಗಳಾದಳು.

ಸರ್ಕಾರದ ಹಣ ಪಡೆಯುವ ಸಂಸ್ಥೆಗಳು ಅಂಗವಿಕಲರನ್ನು ಹೊರಗಿಡಕೂಡದೆಂಬ ವಿಧಿಯು 1973ರಲ್ಲಿಯೇ ಅಲ್ಲಿ ಶಾಸನವಾಗಿದ್ದಿತು. ಅದನ್ನು ಜಾರಿಗೆ ತರುವ ನಿಯಮಗಳಿಗೆ ಮಾತ್ರ ನಾಲ್ಕು ವರ್ಷ ಸಹಿ ಬೀಳಲಿಲ್ಲ. 1977ರ ಏಪ್ರಿಲಿನಲ್ಲಿ ಹ್ಯೂಮನ್ ಮೊದಲಾದ ನೂರಕ್ಕೂ ಮಿಕ್ಕ ಜನರು ಸ್ಯಾನ್ ಫ್ರಾನ್ಸಿಸ್ಕೋದ ಸರ್ಕಾರಿ ಕಚೇರಿಯನ್ನು ಹೊಕ್ಕು, ಮೂರು ವಾರಗಳಿಗೂ ಹೆಚ್ಚು ಕಾಲ ಅಲ್ಲಿಯೇ ಕುಳಿತರು. ಆ ತಿಂಗಳ 28ರಂದು ಸಹಿ ಬಿದ್ದಿತು. ಕರುಣೆಯು ನಾಲ್ಕು ವರ್ಷಗಳಲ್ಲಿ ಮಾಡದ ಕೆಲಸವನ್ನು ಹಕ್ಕಿನ ಹಟವು ವಾರಗಳಲ್ಲಿ ಮಾಡಿತು. ಶಾಲೆಯಿಂದ ಹಿಂದಿರುಗಿದ ಆ ಹುಡುಗಿಯೇ 1993ರಿಂದ 2001ರವರೆಗೆ ಅಮೆರಿಕ ಸರ್ಕಾರದಲ್ಲಿ ವಿಶೇಷ ಶಿಕ್ಷಣದ ಆಡಳಿತವನ್ನು ನಡೆಯಿಸಿದಳು, 2023ರಲ್ಲಿ ತೀರಿಕೊಂಡಳು.

ಇದು ಪರದೇಶದ ಕಥೆ ಎನ್ನುವವರು ನಮ್ಮ ದೇಶದ 2016ರ ಶಾಸನವನ್ನು ಓದಬೇಕು. ನೂರಕ್ಕೆ 40 ಅಥವಾ ಅದಕ್ಕೆ ಮೀರಿದ ವೈಕಲ್ಯವುಳ್ಳ, 6ರಿಂದ 18 ವರ್ಷದ ಪ್ರತಿಯೊಂದು ಮಗುವಿಗೂ ನೆರೆಯ ಶಾಲೆಯಲ್ಲಾಗಲಿ, ವಿಶೇಷ ಶಾಲೆಯಲ್ಲಾಗಲಿ, ತಾನು ಆರಿಸಿದಲ್ಲಿ ಉಚಿತವಾಗಿ ಕಲಿಯುವ ಹಕ್ಕುಂಟು. ವಿಶೇಷ ಶಾಲೆಗಳು ನಿರುಪಯೋಗವೆಂದು ಯಾರೂ ಹೇಳುವುದಿಲ್ಲ. ಸಂಜ್ಞಾಭಾಷೆಯಲ್ಲಿ ಕಲಿಯುವ ಕಿವುಡ ಮಗುವಿಗೆ ಅಂಥ ಶಾಲೆಯೇ ಬೇಕೆನಿಸಬಹುದು. ಆದರೆ ಆಯ್ಕೆಯು ಆ ಮಗುವಿನದು. ಮುಖ್ಯೋಪಾಧ್ಯಾಯರದೂ ಅಲ್ಲ, ಮೂಗು ಮುರಿಯುವ ನೆರೆಹೊರೆಯವರದೂ ಅಲ್ಲ.

ಖರ್ಚಿನ ಮಾತೊಂದು ಉಳಿಯಿತು. ವಾರ್ಷಿಕೋತ್ಸವದ ಚಪ್ಪರಕ್ಕೆ ಹಣ ಕೂಡಿಸಬಲ್ಲ ಊರು ಮೆಟ್ಟಿಲುಗಳ ಪಕ್ಕದಲ್ಲಿ ಇಳಿಜಾರಿನ ದಾರಿಯೊಂದನ್ನು ಕಟ್ಟಿಸಲಾರದೆ? ತಮ್ಮ ಮಕ್ಕಳ ಶಾಲೆಯಲ್ಲಿ ಅಂಥ ದಾರಿಯುಂಟೇ ಎಂದು ಪ್ರತಿಯೊಬ್ಬ ತಂದೆತಾಯಿಯೂ ನೋಡಲಿ. ಇಲ್ಲದಿದ್ದರೆ ಆಡಳಿತಮಂಡಲಿಯವರನ್ನು ಕೇಳಲಿ. ಜಾತ್ರೆಯಲ್ಲಿ ಅಂಗವಿಕಲನ ತಟ್ಟೆಗೆ ಹಾಕುವ ಕಾಸು ಒಂದು ಹೊತ್ತಿನ ಊಟವಾದೀತು. ಆ ತಟ್ಟೆಯನ್ನೇ ಹಿಡಿಯದಂತೆ ಮಾಡುವುದು ಶಾಲೆಯ ಬಾಗಿಲು.